ಬಂಗಾಯ್ ಕಾರ್ಡಿನಲ್‌ಗೆ ಮುಳ್ಳಿನ ಮನೆ: ಕೇಬಲ್ ಟೈ ಅರ್ಚಿನ್, ಮರಿಪೆಟ್ಟಿಗೆ, ಆರ್ಟೀಮಿಯಾ ಬಾಟಲಿ

ಈ ಟ್ಯಾಂಕ್ ಕಟ್ಟಿದ್ದು ಒಂದೇ ಜಾತಿಯ ಮೀನಿಗಾಗಿ. ಬಂಗಾಯ್ ಕಾರ್ಡಿನಲ್, ವಿಜ್ಞಾನದ ಹೆಸರು ಟೆರಾಪೋಗಾನ್ ಕೌಡರ್ನಿ. ಬೆಳ್ಳಿ ಮೈ, ಅದರ ಮೇಲೆ ಅಡ್ಡಕ್ಕೆ ಮೂರು ಕಪ್ಪು ಪಟ್ಟೆ, ಕಪ್ಪು ಈಜುರೆಕ್ಕೆಗಳ ತುಂಬ ಬಿಳಿ ಚುಕ್ಕಿ, ಆಳವಾಗಿ ಕವಲೊಡೆದ ಬಾಲ. ಪೂರ್ತಿ ಬೆಳೆದರೂ ಎಂಟು ಸೆಂಟಿಮೀಟರ್ ಆಸುಪಾಸು. ಚಂದಕ್ಕೆಂದು ಇದನ್ನು ಕೊಳ್ಳುವವರೇ ಹೆಚ್ಚು. ನನಗೆ ಬೇಕಾಗಿದ್ದು ಮರಿಗಳು. ಹವಳದ ದಿಬ್ಬಗಳ ಮೀನುಗಳಲ್ಲಿ ಮನೆಯಲ್ಲಿ ಮರಿ ಮಾಡಿಸಲು ಇಷ್ಟು ಸುಲಭವಾಗಿ ಒಗ್ಗುವವು ಬಹಳ ಕಡಿಮೆ. ಕಡಲಿನಿಂದ ಹಿಡಿದು ತರುವುದನ್ನು ಬಿಟ್ಟು ಮನೆಯಲ್ಲೇ ಮರಿ ಮಾಡಿಸಬೇಕಾದ ಮೀನು ಯಾವುದು ಎಂದು ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ.

ಕಾರಣ ಅದರ ಊರು. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪೂರ್ವಕ್ಕೆ ಬಂಗಾಯ್ ಎಂಬ ದ್ವೀಪಗಳ ಗುಂಪಿದೆ. ಈ ಮೀನಿನ ಮೂಲ ನೆಲೆ ಅಲ್ಲಿ ಮಾತ್ರ. ಅಲ್ಲಿಯೂ ಎಲ್ಲ ಕಡೆ ಇಲ್ಲ. ದಡಕ್ಕೆ ಅಂಟಿಕೊಂಡ, ಅಲೆ ಕಡಿಮೆ ಇರುವ, ಹೆಚ್ಚೆಂದರೆ ನಾಲ್ಕೈದು ಮೀಟರ್ ಆಳದ ನೀರಿನಲ್ಲಿ, ಕಡಲ ಹುಲ್ಲು ಮತ್ತು ಹವಳದ ನಡುವೆ ಇರುತ್ತದೆ. ನೇತ್ರಾಣಿಯಲ್ಲಿ ಮುಳುಗಿ ನೋಡಿದವರಿಗೆ ಬೇರೆ ಎಷ್ಟೋ ಬಣ್ಣದ ಮೀನುಗಳು ಕಂಡಿರುತ್ತವೆ, ಇದು ಕಾಣಲು ಸಾಧ್ಯವಿಲ್ಲ. 1933ರಲ್ಲಿ ಕೌಮನ್ಸ್ ಎಂಬ ಡಚ್ ಮೀನುತಜ್ಞ, ಸ್ವೀಡನ್ನಿನ ಸಂಶೋಧಕ ವಾಲ್ಟರ್ ಕೌಡರ್ನ್ ಸಂಗ್ರಹಿಸಿದ್ದ ಮಾದರಿಗಳನ್ನು ನೋಡಿ ಇದಕ್ಕೆ ಹೆಸರಿಟ್ಟ. ಆಮೇಲೆ ಆರು ದಶಕ ಇದರ ಸುದ್ದಿಯೇ ಇರಲಿಲ್ಲ. 1994ರಲ್ಲಿ ಮೀನುತಜ್ಞ ಜೆರಾಲ್ಡ್ ಆಲೆನ್ ಬಂಗಾಯ್‌ಗೆ ಹೋಗಿ ಮೀನನ್ನು ಮತ್ತೆ ದಾಖಲಿಸಿದರು. ಅದರ ಬೆನ್ನಿಗೇ ಅಕ್ವೇರಿಯಂ ವ್ಯಾಪಾರ ಶುರುವಾಯಿತು. 2001ರ ಹೊತ್ತಿಗೆ ವರ್ಷಕ್ಕೆ ಆರರಿಂದ ಏಳು ಲಕ್ಷ ಮೀನು ಹಿಡಿಯಲಾಗುತ್ತಿದೆ ಎಂಬ ಅಂದಾಜು ಬಂತು. 2007ರಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ, ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದಡಿ ಇದರ ವ್ಯಾಪಾರಕ್ಕೆ ನಿಯಂತ್ರಣ ಹಾಕಬೇಕೆಂದು ಅಮೆರಿಕ ತಂದ ಪ್ರಸ್ತಾವ ಮಾತ್ರ ವಾಪಸ್ಸಾಯಿತು.

ಹಿಡಿದರೆ ಬೇರೆ ಮೀನೂ ಕಡಿಮೆಯಾಗುತ್ತದೆ, ಇದರದೇನು ವಿಶೇಷ ಎಂದು ಕೇಳಬಹುದು. ವಿಶೇಷವಿದೆ. ಹವಳದ ದಿಬ್ಬದ ಮೀನುಗಳಲ್ಲಿ ಬಹುಪಾಲು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ; ಮೊಟ್ಟೆಯಿಂದ ಬಂದ ಎಳೆ ಲಾರ್ವಾಗಳು ವಾರಗಟ್ಟಲೆ ಕಡಲ ಹರಿವಿನಲ್ಲಿ ತೇಲುತ್ತ ಎಲ್ಲೆಲ್ಲೋ ಹೋಗಿ ನೆಲೆ ಹಿಡಿಯುತ್ತವೆ. ಒಂದು ದಿಬ್ಬ ಬರಿದಾದರೂ ಇನ್ನೊಂದು ಕಡೆಯಿಂದ ತುಂಬಿಕೊಳ್ಳುತ್ತದೆ. ಬಂಗಾಯ್ ಕಾರ್ಡಿನಲ್‌ಗೆ ಆ ತೇಲುವ ಹಂತವೇ ಇಲ್ಲ. ಹೆಣ್ಣು ಇಡುವುದು ಕೆಲವೇ ಡಜನ್ ಮೊಟ್ಟೆ, ಒಂದೊಂದೂ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಗಂಡು ಅಷ್ಟನ್ನೂ ಬಾಯಿಗೆ ತೆಗೆದುಕೊಂಡು ಸುಮಾರು ಇಪ್ಪತ್ತು ದಿನ ಕಾವು ಕೊಡುತ್ತದೆ. ಒಡೆದ ಮೇಲೂ ಮರಿಗಳನ್ನು ಹತ್ತು ದಿನ ಬಾಯಲ್ಲೇ ಇಟ್ಟುಕೊಂಡಿರುತ್ತದೆ. ಅಷ್ಟು ದಿನವೂ ಉಪವಾಸ. ಕೊನೆಗೆ ಹೊರಗೆ ಬರುವುದು ಪಟ್ಟೆ, ಬಾಲ ಎಲ್ಲ ಮೂಡಿದ, ಒಂದು ಸೆಂಟಿಮೀಟರಿಗೂ ತುಸು ಚಿಕ್ಕದಾದ ಪೂರ್ಣ ಮೀನು. ಅದು ಹುಟ್ಟಿದ ಜಾಗದಲ್ಲೇ ಬೆಳೆಯುತ್ತದೆ. ಒಂದೇ ದ್ವೀಪದ ಬೇರೆ ಬೇರೆ ದಿಬ್ಬಗಳ ಗುಂಪುಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿದ್ದರೂ ವಂಶವಾಹಿಯಲ್ಲಿ ಬೇರೆಯಾಗಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಒಂದು ಕೊಲ್ಲಿಯ ಗುಂಪನ್ನು ಬಲೆಯಲ್ಲಿ ಎತ್ತಿದರೆ ಆ ಜಾಗಕ್ಕೆ ತಾನಾಗಿ ಬರುವವರು ಯಾರೂ ಇಲ್ಲ.

ತೇಲುವ ಲಾರ್ವಾ ಇಲ್ಲದ್ದು ಕಡಲಿನಲ್ಲಿ ಅದಕ್ಕೆ ಕಷ್ಟ, ಮನೆಯಲ್ಲಿ ಸಾಕುವವರಿಗೆ ಅನುಕೂಲ. ಕ್ಲೌನ್ ಮೀನಿನ ಲಾರ್ವಾ ಸಾಕಲು ಪಾಚಿ ಬೆಳೆಸಿದ ಹಸಿರು ನೀರು, ಅದನ್ನು ತಿಂದು ಬೆಳೆಯುವ ರೋಟಿಫರ್ ಎಂಬ ಸೂಕ್ಷ್ಮಜೀವಿ ಎಂದು ದೊಡ್ಡ ಏರ್ಪಾಡು ಬೇಕು. ಬಂಗಾಯ್ ಮರಿ ಬಾಯಿಂದ ಹೊರಬಿದ್ದ ದಿನವೇ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟಾಣಿ ಸಿಗಡಿಯ ಮರಿಗಳನ್ನು ತಿನ್ನುತ್ತದೆ. ನನ್ನ ಕೆಲಸವೆಲ್ಲ ಈ ಒಂದು ಅನುಕೂಲದ ಸುತ್ತ ನಡೆದಿದೆ.

ಟ್ಯಾಂಕ್ ವಿಷಯ ಬೇಗ ಮುಗಿಸುತ್ತೇನೆ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 8 ಮಿ.ಮೀ. ಗಾಜು. ತುಂಬಿದರೆ ಸುಮಾರು ನೂರೈವತ್ತು ಲೀಟರ್. ಅಂದರೆ ಸ್ಟ್ಯಾಂಡ್ ಮೇಲೆ ನೀರಿನ ಭಾರವೇ ಒಂದೂವರೆ ಕ್ವಿಂಟಾಲ್. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್ ಹಾಸಿದೆ. ಉಪ್ಪುನೀರು ತುಳುಕಿದಲ್ಲೆಲ್ಲ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಾಗಾಗಿ ರೆಡ್ ಆಕ್ಸೈಡ್ ಮೇಲೆ ಎರಡು ಕೋಟ್ ಎನಾಮೆಲ್ ಬಳಿದಿದ್ದೇನೆ. ನಲ್ಲಿ ನೀರನ್ನು ಆರ್‌ಓ ಮತ್ತು ಡಿಐ ಎಂಬ ಎರಡು ಶೋಧಕಗಳನ್ನು ದಾಟಿಸಿ, ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಲೀಟರಿಗೆ ಸುಮಾರು 36 ಗ್ರಾಂ ಮರೈನ್ ಸಾಲ್ಟ್ ಕರಗಿಸಿದೆ. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಲವಣಾಂಶ ಸಾವಿರಕ್ಕೆ 35 ಬರಬೇಕು. ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ, ಆದ್ದರಿಂದ ದಿನವೂ ತುಂಬಿಸುವುದು ಬರೀ ಸಿಹಿನೀರು. ಗಾಜಿನ ಮೇಲೆ ಮಾರ್ಕರ್ ಗೆರೆಯೊಂದು ಇದ್ದರೆ ಸಾಕು.

ಕಲ್ಲಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕಲ್ಲುಹವಳಗಳಿಗೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಹುಲಿಗೆ ಇರುವ ಅದೇ ರಕ್ಷಣೆ. ಆದರೂ ಕಡಲಿನಿಂದ ಕಿತ್ತ ಹವಳದ ತುಂಡನ್ನು ಯಾವ ಅಳುಕೂ ಇಲ್ಲದೆ ಮುಂದಿಟ್ಟು ತೋರಿಸಿದ ಅಂಗಡಿಯವರೂ ನನಗೆ ಸಿಕ್ಕಿದ್ದಾರೆ. ಅದನ್ನು ಕೊಳ್ಳಬೇಡಿ. ಸೆರಾಮಿಕ್ ಕಲ್ಲು ಮತ್ತು ಸೆರಾಮಿಕ್ ರಿಂಗುಗಳಲ್ಲೇ, ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತದೆ, ಸಮಯ ಮಾತ್ರ ಬೇಕು. ಅಮೋನಿಯಾ ಹಾಕಿ, ಅದು ನೈಟ್ರೈಟ್ ಆಗಿ, ನೈಟ್ರೈಟ್ ಮತ್ತೆ ನೈಟ್ರೇಟ್ ಆಗುವ ತನಕ ಮೀನು ತರದೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆ ಬಿಡುವಿನಲ್ಲೇ ನಾನು ಅರ್ಚಿನ್ ಮಾಡಿದ್ದು.

ಅರ್ಚಿನ್ ಎಂದರೆ ಮೈತುಂಬ ಮುಳ್ಳಿರುವ ಕಡಲ ಜೀವಿ. ಬಂಗಾಯ್‌ನ ಆಳವಿಲ್ಲದ ನೀರಿನಲ್ಲಿ ಡಯಾಡೆಮಾ ಸೆಟೋಸಮ್ ಎಂಬ ಕರಿ ಅರ್ಚಿನ್ ಗುಂಪುಗಟ್ಟಿ ಕೂತಿರುತ್ತದೆ. ಅದರ ಮುಳ್ಳುಗಳು ಸೂಜಿಯಷ್ಟು ತೆಳು, ಗೇಣುದ್ದಕ್ಕೂ ಮೀರಿ ಬೆಳೆಯುತ್ತವೆ. ಮೇಲೆ ನೆರಳು ಹಾಯ್ದರೆ ಮುಳ್ಳುಗಳೆಲ್ಲ ಆ ಕಡೆ ತಿರುಗುತ್ತವೆ. ನಮ್ಮ ಮೀನು ಹಗಲೆಲ್ಲ ಈ ಮುಳ್ಳುಗಳ ಮೇಲೆ ಗುಂಪಾಗಿ ನಿಂತು ತೇಲಿಬರುವ ಸೂಕ್ಷ್ಮಜೀವಿಗಳನ್ನು ಹೆಕ್ಕುತ್ತದೆ. ಅಪಾಯ ಕಂಡರೆ ಮುಳ್ಳುಗಳ ನಡುವೆ ಇಳಿಯುತ್ತದೆ. ಅದರ ಮೈಮೇಲಿನ ಕಪ್ಪು ಪಟ್ಟೆಗಳು ಆಗ ಮುಳ್ಳಿನ ಗೆರೆಗಳೊಳಗೆ ಸೇರಿಹೋಗುತ್ತವೆ. ಮರಿಗಳು ಅರ್ಚಿನ್ ಜೊತೆಗೆ, ಹೂವಿನಂತೆ ಕಾಣುವ ಅನಿಮೋನಿ ಎಂಬ ಕಡಲ ಜೀವಿಗಳಲ್ಲೂ ಅಡಗುತ್ತವೆ. ಈಚೆಗೆ ಬಂಗಾಯ್‌ನಲ್ಲಿ ಜನ ಅರ್ಚಿನ್ ಮತ್ತು ಅನಿಮೋನಿಗಳನ್ನು ಆಹಾರಕ್ಕಾಗಿ ಎತ್ತುವುದು ಹೆಚ್ಚಾಗಿದೆ. ಮೀನನ್ನು ಮುಟ್ಟದಿದ್ದರೂ ಅದರ ಮನೆ ಹೋಯಿತು. ಅರ್ಚಿನ್ ಇಲ್ಲದ ಟ್ಯಾಂಕಿನಲ್ಲಿ ಈ ಮೀನು ಮೂಲೆ ಹಿಡಿದು ನಿಲ್ಲುವುದನ್ನು ಬೇರೆಯವರ ಮನೆಗಳಲ್ಲಿ ನೋಡಿದ್ದೇನೆ. ಜೀವಂತ ಡಯಾಡೆಮಾಗೆ ಈ ಟ್ಯಾಂಕ್ ಸಾಲದು, ಅದನ್ನು ಹುಡುಕಿಸಿ ಹಿಡಿಸುವ ಆಸೆಯೂ ನನಗಿಲ್ಲ. ಅದಕ್ಕೇ ಕೇಬಲ್ ಟೈ.

ಬೇಕಾದ್ದು ಇಷ್ಟು: 50 ಮಿ.ಮೀ. ಪಿವಿಸಿ ಎಂಡ್ ಕ್ಯಾಪ್, ಕಪ್ಪು ನೈಲಾನ್ ಕೇಬಲ್ ಟೈ ಒಂದು ಕಟ್ಟು, ಅಕ್ವೇರಿಯಂಗೆಂದೇ ಬರುವ ಎರಡು ಪಾಲಿನ ಎಪಾಕ್ಸಿ ಪುಟ್ಟಿ, ಡ್ರಿಲ್, ಉಪ್ಪುಕಾಗದ. ದೊಡ್ಡ ಮೀನಿಗೆ 20 ಸೆಂ.ಮೀ. ಉದ್ದದ ಟೈ, ಮರಿಗಳಿಗೆ 10 ಸೆಂ.ಮೀ.ದು. ಎಂಡ್ ಕ್ಯಾಪಿನ ಗುಮ್ಮಟದ ಮೇಲೆ ಮತ್ತು ಸುತ್ತಲಿನ ಗೋಡೆಯಲ್ಲಿ ಟೈ ಪಟ್ಟಿ ಬಿಗಿಯಾಗಿ ತೂರುವಷ್ಟೇ ದೊಡ್ಡ ತೂತುಗಳನ್ನು ಕೊರೆಯಬೇಕು. ಡ್ರಿಲ್ ನೆಟ್ಟಗೆ ಹಿಡಿದು ಎಲ್ಲ ತೂತು ಒಂದೇ ಕೋನದಲ್ಲಿ ಕೊರೆದರೆ ಮುಳ್ಳುಗಳು ಸಾಲಾಗಿ ನಿಲ್ಲುತ್ತವೆ, ನೋಡಲಿಕ್ಕೆ ಬ್ರಷ್ ಆಗುತ್ತದೆ, ಮೀನು ನುಗ್ಗಲು ಜಾಗವಿರುವುದಿಲ್ಲ. ಗುಮ್ಮಟದ ನೆತ್ತಿಯಲ್ಲಿ ನೇರ, ಅಂಚಿಗೆ ಹೋದಂತೆ ಹೊರಕ್ಕೆ ಓರೆ, ಹೀಗೆ ಕೊರೆದರೆ ಮುಳ್ಳಿನ ತುದಿಗಳು ಬಿಚ್ಚಿಕೊಂಡು ನಡುವೆ ಬೆರಳು ತೂರುವಷ್ಟು ಎಡೆ ಉಳಿಯುತ್ತದೆ. ದೊಡ್ಡ ಮೀನು ಒಳಗೆ ಇಳಿಯುವುದು ಆ ಎಡೆಯಿಂದಲೇ.

ಟೈಗಳನ್ನು ಕ್ಯಾಪಿನ ಒಳಗಡೆಯಿಂದ ತೂರಿಸಿ ಎಳೆದರೆ ತಲೆ ಒಳಗೇ ಸಿಕ್ಕಿ ನಿಲ್ಲುತ್ತದೆ, ಚೂಪು ತುದಿ ಹೊರಗೆ ಬರುತ್ತದೆ. ಇಲ್ಲೊಂದು ಕೆಲಸ ಬೇಸರವಾದರೂ ಬಿಡಬಾರದು. ಟೈಯ ಒಂದು ಮುಖದಲ್ಲಿ ಗರಗಸದಂಥ ಹಲ್ಲು ಇರುತ್ತದೆ. ಈ ಮೀನಿನ ಬೆನ್ನಿನ ಈಜುರೆಕ್ಕೆ, ಬಾಲದ ತುದಿಗಳು ಎಳೆಯಾಗಿ ಉದ್ದಕ್ಕೆ ಇರುತ್ತವೆ, ಆ ಹಲ್ಲಿಗೆ ತಾಗಿದರೆ ಹರಿಯುತ್ತವೆ. ಒಂದೊಂದೇ ಟೈಯನ್ನು ಮೇಜಿನ ಮೇಲೆ ಮಲಗಿಸಿ, 220 ನಂಬರಿನ ಉಪ್ಪುಕಾಗದದಿಂದ ಬುಡದಿಂದ ತುದಿಗೆ ಎಳೆಯುತ್ತ ಹಲ್ಲು ಸವೆಯುವ ತನಕ ಉಜ್ಜಿದೆ. ಉಗುರನ್ನು ಅದರ ಮೇಲೆ ಹಾಯಿಸಿದಾಗ ಟಕಟಕ ಸದ್ದು ನಿಂತರೆ ಸರಿಯಾಯಿತು ಎಂದರ್ಥ. ಎರಡು ಅಂಚನ್ನೂ ಹಾಗೇ ಉಜ್ಜಿ ದುಂಡಗೆ ಮಾಡಿದರೆ ಪಟ್ಟಿ ಚಪ್ಪಟೆಯಾಗಿ ಕಾಣುವುದೂ ಕಡಿಮೆಯಾಗುತ್ತದೆ. ಕೊನೆಗೆ ಕ್ಯಾಪಿನೊಳಗೆ ಎಪಾಕ್ಸಿ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿದೆ. ಟೈಗಳ ತಲೆಯೂ ಭದ್ರ, ತಳಕ್ಕೆ ಭಾರವೂ ಬಂತು. ಗಟ್ಟಿಯಾದ ಮೇಲೆ ಬಕೆಟ್ಟಿನ ಸಿಹಿನೀರಿನಲ್ಲಿ ಒಂದು ವಾರ ನೆನೆಹಾಕಿ, ನೀರು ಬದಲಿಸುತ್ತ ವಾಸನೆ ಹೋಗಿಸಿ, ಟ್ಯಾಂಕಿಗೆ ಇಳಿಸಿದೆ. ದೊಡ್ಡವು ಎರಡು, ಚಿಕ್ಕವು ಮೂರು.

ಮೀನು ಕೊಳ್ಳುವಾಗ ಸಾಕಿ ಬೆಳೆಸಿದವು ಎಂದು ಖಾತ್ರಿಯಾದ ಆರು ಎಳೆಯವನ್ನು ತಂದೆ. ಕಡಲಿನಿಂದ ಹಿಡಿದು ತಂದ ಬಂಗಾಯ್‌ಗಳಲ್ಲಿ ಒಂದು ಬಗೆಯ ಇರಿಡೋವೈರಸ್ ಸೋಂಕು ಕಂಡುಬಂದಿದ್ದು, ಸಾಗಣೆಯ ನಂತರ ಬಹಳಷ್ಟು ಸಾಯುತ್ತವೆ. ಆದ್ದರಿಂದ ಬೇರೆ ಡಬ್ಬಿಯಲ್ಲಿಟ್ಟು ನೋಡಿಕೊಂಡೇ ಟ್ಯಾಂಕಿಗೆ ಬಿಡುವುದು ಒಳ್ಳೆಯದು. ಗಂಡು ಹೆಣ್ಣು ಗುರುತಿಸುವುದು ಹೊರಗಿನಿಂದ ಕಷ್ಟ. ಗುಂಪಿನಲ್ಲಿ ಬಿಟ್ಟು ಅವು ತಾವೇ ಜೋಡಿಯಾಗುವ ತನಕ ಕಾಯುವುದೇ ಸುಲಭ ದಾರಿ. ಜೋಡಿಯಾಯಿತು ಎಂಬುದಕ್ಕೆ ಗುರುತೆಂದರೆ ಎರಡು ಮೀನು ದೊಡ್ಡ ಅರ್ಚಿನ್ ಒಂದನ್ನು ಹಿಡಿದು ನಿಂತು ಉಳಿದವನ್ನು ಹತ್ತಿರ ಸೇರಿಸದೆ ಓಡಿಸುತ್ತವೆ. ಆಗ ಉಳಿದ ನಾಲ್ಕನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಕಚ್ಚಿಸಿಕೊಂಡು ಸಾಯುತ್ತವೆ. ಅವನ್ನು ಇದೇ ಹವ್ಯಾಸದ ಗೆಳೆಯರೊಬ್ಬರು ಒಯ್ದರು.

ಮೊದಲ ಸಲದ ಮೊಟ್ಟೆಗಳನ್ನು ಗಂಡು ನುಂಗಿಬಿಟ್ಟಿತು. ಎಳೆ ಗಂಡುಗಳಲ್ಲಿ ಇದು ಸಾಮಾನ್ಯ, ಗಾಬರಿಯಾಗಬೇಕಿಲ್ಲ. ಮುಂದಿನ ಸಲ ಅದರ ಕೆಳದವಡೆ ಉಬ್ಬಿ ಚೀಲದಂತೆ ಜೋತುಬಿದ್ದಿತ್ತು. ಆಹಾರ ಹಾಕಿದರೆ ಮುಖ ತಿರುಗಿಸಿತು. ಹತ್ತಿರದಿಂದ ಟಾರ್ಚ್ ಹಿಡಿದು ನೋಡಿದಾಗ, ಅದು ಒಮ್ಮೆ ಬಾಯಿ ತೆರೆದು ಮೊಟ್ಟೆಗಳ ಗೊಂಚಲನ್ನು ಹೊರಳಿಸಿತು. ತುಟಿಯ ಹೊರಗೆ ಕಿತ್ತಳೆ ಬಣ್ಣದ ಗೊಂಚಲು ಕ್ಷಣಮಾತ್ರ ಕಂಡು ಮತ್ತೆ ಒಳಗೆ ಹೋಯಿತು. ಎಲ್ಲ ಮೊಟ್ಟೆಗೂ ಗಾಳಿಯಾಡಲೆಂದು ಅದು ದಿನವಿಡೀ ಹೀಗೆ ಮಾಡುತ್ತಿರುತ್ತದೆ.

ಅಷ್ಟರಲ್ಲಿ ಮರಿಪೆಟ್ಟಿಗೆ ತಯಾರಿರಬೇಕು. ಮರಿಗಳನ್ನು ಹೊರಗೆ ಬಿಟ್ಟ ಮೇಲೆ ತಂದೆಯ ಜವಾಬ್ದಾರಿ ಮುಗಿಯಿತು. ದೊಡ್ಡ ಮೀನುಗಳು ಮರಿಗಳನ್ನು ತಿನ್ನುತ್ತವೆ, ಕಡಲಿನಲ್ಲೂ ತಿನ್ನುತ್ತವೆ. ಬೇರೆ ಟ್ಯಾಂಕ್ ಇಡುವ ಬದಲು ದೊಡ್ಡ ಟ್ಯಾಂಕಿನೊಳಗೇ ತೂಗುಹಾಕುವ ಪೆಟ್ಟಿಗೆ ಮಾಡಿದೆ, ನೀರಿನ ಗುಣ, ಬಿಸಿ ಎರಡೂ ತಾನಾಗಿ ಒಂದೇ ಇರುತ್ತವೆ. 3 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು 30 ಸೆಂ.ಮೀ. ಉದ್ದ, 15 ಅಗಲ, 18 ಎತ್ತರಕ್ಕೆ ಕತ್ತರಿಸಿ ತಂದೆ. ಅಕ್ರಿಲಿಕ್ಕಿಗೆ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಬೋರ್ಡ್ ಮಾಡುವವರು ಬಳಸುವ ಕ್ಲೋರೋಫಾರಂ ಅನ್ನೇ ಸಿರಿಂಜಿನಲ್ಲಿ ತೆಗೆದುಕೊಂಡು, ಎರಡು ಹಾಳೆ ಕೂಡಿದ ಗೆರೆಗೆ ತಾಗಿಸಿದರೆ ದ್ರವ ತಾನೇ ಸಂದಿನೊಳಗೆ ಓಡಿ ಹಾಳೆಗಳನ್ನು ಬೆಸೆಯುತ್ತದೆ. ಇದನ್ನು ಕಡ್ಡಾಯವಾಗಿ ಬಯಲಲ್ಲಿ, ಮಕ್ಕಳಿಂದ ದೂರ ಮಾಡಬೇಕು; ನಾನು ತಾರಸಿಯಲ್ಲಿ ಮಾಡಿದೆ.

ಪೆಟ್ಟಿಗೆಯ ತಲೆನೋವೆಲ್ಲ ಜಾಲರಿಯದು. ಆಗತಾನೇ ಒಡೆದ ಆರ್ಟೀಮಿಯಾ ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ಪೆಟ್ಟಿಗೆಯಲ್ಲೇ ಉಳಿಯಬೇಕಾದರೆ ಜಾಲರಿ ಸಣ್ಣದಿರಬೇಕು. ಸಣ್ಣದಿದ್ದರೆ ಕಸ ಕಟ್ಟಿ ನೀರು ನಿಲ್ಲುತ್ತದೆ. ಅದಕ್ಕೆ ಎರಡು ಚೌಕಟ್ಟು ಮಾಡಿದೆ. ಪೆಟ್ಟಿಗೆಯ ಒಂದು ಬದಿಗೆ ಕಿಟಕಿ ಕೊಯ್ದು, ಅದರ ಎರಡೂ ಪಕ್ಕ ಅಕ್ರಿಲಿಕ್ ಪಟ್ಟಿ ಅಂಟಿಸಿ ಸಂದು ಮಾಡಿದೆ, ಚೌಕಟ್ಟು ಮೇಲಿನಿಂದ ಜಾರಿ ಕೂರುತ್ತದೆ. ಆಹಾರದ ಹೊತ್ತಿಗೆ ಸ್ಕ್ರೀನ್ ಪ್ರಿಂಟಿಂಗ್‌ನವರ ಪಾಲಿಯೆಸ್ಟರ್ ಬಟ್ಟೆ, ರಂಧ್ರ ಸುಮಾರು 150 ಮೈಕ್ರಾನ್. ರಾತ್ರಿಗೆ ದೊಡ್ಡ ಕಣ್ಣಿನ ನೈಲಾನ್ ಜಾಲರಿ. ತಿಂದು ಉಳಿದದ್ದೆಲ್ಲ ಅದರಿಂದ ಹೊರಗೆ ಹೋಗುತ್ತದೆ, ಮರಿ ಮಾತ್ರ ಹೋಗದು. ಎದುರು ಬದಿಯಲ್ಲಿ ಅರ್ಧ ಇಂಚಿನ ಪೈಪಿನ ಏರ್‌ಲಿಫ್ಟ್. ಗಾಳಿಗುಳ್ಳೆ ಮೇಲೇರುವಾಗ ಟ್ಯಾಂಕಿನ ನೀರನ್ನು ಎತ್ತಿ ಪೆಟ್ಟಿಗೆಗೆ ಸುರಿಯುತ್ತದೆ. ಪಂಪ್ ಹಾಕಿದರೆ ಹರಿವು ಜೋರಾಗಿ ಮರಿ ಜಾಲರಿಗೆ ಅಂಟಿಕೊಳ್ಳುವ ಭಯವಿದೆ. ಈ ಮೀನಿನ ಕೊಲ್ಲಿಗಳಲ್ಲೂ ನೀರು ನಿಧಾನವೇ. ಕರೆಂಟ್ ಹೋದಾಗ ಏರ್ ಪಂಪ್ ಓಡಲೆಂದು ಅದನ್ನು ಮನೆಯ ಯುಪಿಎಸ್ ಲೈನಿಗೆ ಹಾಕಿದ್ದೇನೆ.

ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ಮೂರು ವಾರವಾದ ಗಂಡನ್ನು ಪೆಟ್ಟಿಗೆಗೆ ಸಾಗಿಸುವಾಗ ಬಲೆ ಬಳಸಬಾರದು. ಗಾಬರಿಯಾದರೆ ಉಗುಳಿಬಿಡುತ್ತದೆ. ರಾತ್ರಿ, ಕೋಣೆಯ ದೀಪ ಆರಿಸಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನೊಳಗೇ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ಅದರತ್ತ ತಳ್ಳಿಕೊಂಡು ಹೋದೆ. ನೀರಿನಿಂದ ಹೊರಗೆ ತೆಗೆಯದೆ ಡಬ್ಬಿಯನ್ನು ಪೆಟ್ಟಿಗೆಯಲ್ಲಿ ಬಗ್ಗಿಸಿದೆ. ಒಳಗೆ ಚಿಕ್ಕ ಅರ್ಚಿನ್‌ಗಳನ್ನು ಮೊದಲೇ ಇಟ್ಟಿದ್ದೆ. ಮರಿಗಳು ಒಂದೇ ಸಲ ಹೊರಬೀಳುವುದಿಲ್ಲ, ಒಂದೆರಡು ದಿನದ ಅಂತರದಲ್ಲಿ ಬಿಡುಗಡೆಯಾಗುತ್ತವೆ. ಎಣಿಸಿದಾಗ ಮೂವತ್ತರ ಮೇಲಿದ್ದವು. ಹೊರಬಿದ್ದ ಮರಿ ಎಲ್ಲಿಯೂ ತಡವರಿಸದೆ ನೇರ ಮುಳ್ಳಿನ ಬುಡಕ್ಕೆ ಹೋಗಿ ನಿಂತಿತು. ಯಾರೂ ತೋರಿಸಿಕೊಟ್ಟದ್ದಲ್ಲ; ನೈಲಾನ್ ಪಟ್ಟಿಯನ್ನೂ ಅದು ಅರ್ಚಿನ್ ಎಂದೇ ಒಪ್ಪಿಕೊಂಡಿತು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಬಾಯಿ ಖಾಲಿಯಾದ ಗಂಡನ್ನು ವಾಪಸ್ ಟ್ಯಾಂಕಿಗೆ ಬಿಟ್ಟು, ಹೊಟ್ಟೆ ತುಂಬ ಮೈಸಿಸ್ ಸಿಗಡಿ ಕೊಟ್ಟೆ. ಕೆಲವು ವಾರ ಚೆನ್ನಾಗಿ ತಿಂದ ಮೇಲೇ ಮುಂದಿನ ಮೊಟ್ಟೆ ಹೊರುವಂತಾದರೆ ಅದರ ಆರೋಗ್ಯಕ್ಕೆ ಒಳ್ಳೆಯದು.

ಆಹಾರದಲ್ಲಿ ಎಚ್ಚರ ತಪ್ಪಿದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ಕಟ್ಟಿ, ಉಪ್ಪುನೀರು ತುಂಬಿ, ಮುಚ್ಚಳದ ಬಳಿಯಿಂದ ಜೋರಾಗಿ ಗಾಳಿ ಬಿಟ್ಟು, ಆರ್ಟೀಮಿಯಾ ಮೊಟ್ಟೆ ಹಾಕಿದರೆ 28 ಡಿಗ್ರಿಯಲ್ಲಿ, ದೀಪದ ಬೆಳಕಿನಲ್ಲಿ, ಒಂದು ದಿನದಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಬುಡಕ್ಕೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನತ್ತ ಕೆಳಗೆ ಬರುತ್ತವೆ, ಚಿಪ್ಪು ಮೇಲೆ ತೇಲುತ್ತದೆ. ಆಗತಾನೇ ಒಡೆದದ್ದರಲ್ಲಿ ಹಳದಿಯ ಕೊಬ್ಬು ಇರುತ್ತದೆ, ಆದರೆ ಕಡಲ ಮೀನಿನ ಮರಿಗೆ ಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಇಲ್ಲವೆನ್ನುವಷ್ಟು ಕಡಿಮೆ. ಬರೀ ಅದನ್ನೇ ತಿಂದು ಬೆಳೆದ ಬಂಗಾಯ್ ಮರಿಗಳು ನೋಡಲು ದುಂಡಗೇ ಇರುತ್ತವೆ; ಒಂದು ದಿನ ದಿಢೀರನೆ ದೀಪ ಹಾಕಿದರೆ ಅಥವಾ ಗಾಜಿಗೆ ಕೈ ತಾಗಿದರೆ ಗಿರಗಿರ ಸುತ್ತಿ ಬಿದ್ದು ಸಾಯುತ್ತವೆ. ಸಾಕುವವರಲ್ಲಿ ಇದು ಚಿರಪರಿಚಿತ ಕಾಯಿಲೆ.

ಪರಿಹಾರ ಆರ್ಟೀಮಿಯಾಕ್ಕೇ ಮೊದಲು ಉಣಿಸುವುದು. ಒಡೆದ ತಕ್ಷಣ ಅದಕ್ಕೆ ಬಾಯಿ ತೆರೆದಿರುವುದಿಲ್ಲ. ಸುಮಾರು ಹನ್ನೆರಡು ಗಂಟೆಯ ನಂತರ ಮೊದಲ ಪೊರೆ ಕಳಚಿದ ಮೇಲೆ ತಿನ್ನತೊಡಗುತ್ತದೆ. ಆಗ ಡಿಎಚ್‌ಎ ಇರುವ ಎಮಲ್ಷನ್ ಒಂದೆರಡು ಹನಿ ಬೆರೆಸಿ ಇನ್ನೊಂದು ಅರ್ಧ ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತೊಳೆದು ಹಾಕುತ್ತೇನೆ. ಹಾಗಾಗಿ ಎರಡು ಬಾಟಲಿ ಪಾಳಿಯಲ್ಲಿ ನಡೆಯುತ್ತವೆ: ಒಂದು ಒಡೆಯಲು, ಒಂದು ಉಣಿಸಲು. ಜೊತೆಗೆ ಪೆಟ್ಟಿಗೆಯ ಬಳಿ ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತಿರುತ್ತದೆ, ಬೆಳಿಗ್ಗೆ ದೊಡ್ಡ ದೀಪಕ್ಕೆ ಮರಿಗಳು ಬೆಚ್ಚುವುದಿಲ್ಲ. ಚಳಿಗಾಲದಲ್ಲಿ ಮೈಸೂರಿನ ರಾತ್ರಿಗೆ ಹೀಟರ್ ಬೇಕೇ ಬೇಕು. 27ಕ್ಕಿಂತ ಕೆಳಗೆ ಇಳಿಯಲು ನಾನು ಬಿಡುವುದಿಲ್ಲ.

ಮರಿಗಳು ಈಗ ಚೂರು ಮಾಡಿದ ಮೈಸಿಸ್ ತಿನ್ನುತ್ತಿವೆ, 10 ಸೆಂ.ಮೀ. ಮುಳ್ಳು ಸಾಲದಾಗಿದೆ. ಮೀನು ಬೆಳೆದಂತೆ ಒಂದೇ ಅರ್ಚಿನ್‌ಗೆ ಜಗಳ ಶುರುವಾಗುತ್ತದೆ, ಆದ್ದರಿಂದ ಮುಂದಿನ ಪೆಟ್ಟಿಗೆಯನ್ನು 45 ಸೆಂ.ಮೀ. ಉದ್ದಕ್ಕೆ ಕತ್ತರಿಸಲು ಕೊಟ್ಟಿದ್ದೇನೆ. ಜಾಲರಿ ಕಿಟಕಿ ಒಂದರ ಬದಲು ಎರಡು, ಏರ್‌ಲಿಫ್ಟ್ ಕೂಡ ಎರಡು, ಒಂದು ಕಟ್ಟಿಕೊಂಡರೆ ಇನ್ನೊಂದು ನಡೆಯಲಿ ಎಂದು. ಮರಿ ಬೇಕೆಂದು ಕೇಳಿದವರಿಗೆ ಮೂರು ಸೆಂಟಿಮೀಟರ್ ಆಗುವ ತನಕ ಕೊಡುವುದಿಲ್ಲ ಎಂದಿದ್ದೇನೆ. ಕೊಡುವಾಗ ಪ್ರತಿ ಜೊತೆಗೂ 20 ಸೆಂ.ಮೀ. ಮುಳ್ಳಿನ ಅರ್ಚಿನ್ ಒಂದನ್ನು ಸೇರಿಸಿಯೇ ಕೊಡುವೆ. ಎಂಡ್ ಕ್ಯಾಪ್ ಒಂದು ಚೀಲ ತಂದಾಗಿದೆ, ಉಪ್ಪುಕಾಗದದ ಕೆಲಸ ನಡೆಯುತ್ತಿದೆ.